ಯುವ ನೀತಿಯೂ ಐದು ಇಪ್ಪತ್ತರ ಬಸ್ಸೂ

ನಮ್ಮ ಕಡೆ ಯಾರಾದರೂ "ಸಭೆ ಗಿಭೆ ಬೇಡ, ಸುಮ್ಮನೆ ಕೂತು ಮಾತಾಡುವ" ಎಂದರೆ ಯಾರೂ ನಂಬುವುದಿಲ್ಲ. ಮನೆಗೆ ಬಂದ ನೆಂಟರು "ಊಟಕ್ಕೆಲ್ಲ ಏಳಬೇಡಿ, ಒಂದು ಲೋಟ ನೀರು ಸಾಕು" ಎಂದರೆ ಬರೀ ನೀರು ಕೊಟ್ಟು ಕಳಿಸಲಿಕ್ಕುಂಟೇ? ಅವರು ಬೇಡ ಎನ್ನಬೇಕು, ನಾವು ಎಲೆ ಹಾಕಬೇಕು, ಅದು ಮರ್ಯಾದೆ. ಈ ಮರ್ಯಾದೆಯಿಂದ ಏನೇನು ಕೆಟ್ಟಿದೆ ಎಂದು ಹೇಳಲು ಹೊರಟರೆ ನನಗೆ ಪುರುಸೊತ್ತು ಸಾಲದು. ಒಂದನ್ನು ಮಾತ್ರ ಬರೆಯುತ್ತೇನೆ, ಯಾಕೆಂದರೆ ಅದು ಇನ್ನೂ ನನ್ನ ಗಂಟಲಿನಿಂದ ಕೆಳಗೆ ಇಳಿದಿಲ್ಲ.

ನಾನು ಸುಳ್ಯದ ಒಂದು ಪ್ರೆಸ್ಸಿನಲ್ಲಿ ಆಮಂತ್ರಣ ಪತ್ರಿಕೆಗಳನ್ನು ಟೈಪು ಮಾಡುವವಳು. ಮದುವೆ, ಮನೆ ಒಕ್ಕಲು, ಬ್ರಹ್ಮಕಲಶ, ಉರೂಸ್, ಶಾಲೆಯ ವಾರ್ಷಿಕೋತ್ಸವ, ಎಲ್ಲದಕ್ಕೂ ನನ್ನದೇ ಕಂಪ್ಯೂಟರು. ಈ ಕೆಲಸದಲ್ಲಿ ಅಕ್ಷರ ತಪ್ಪಿದರೆ ಜನ ಕ್ಷಮಿಸುತ್ತಾರೆ, ಹೆಸರುಗಳ ಕ್ರಮ ತಪ್ಪಿದರೆ ಕ್ಷಮಿಸುವುದಿಲ್ಲ. ಯಾರು ಉದ್ಘಾಟಕರು, ಯಾರು ಮುಖ್ಯ ಅತಿಥಿ, ಯಾರು ಬರೀ ಅತಿಥಿ, ಯಾರನ್ನು 'ಗೌರವ ಉಪಸ್ಥಿತಿ' ಎಂದು ಸಮಾಧಾನ ಮಾಡಬೇಕು ಎಂಬುದು ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು. ಸಾಲದ್ದಕ್ಕೆ ನಾನು ನಿರೂಪಕಿ ಬೇರೆ. ಏಳನೇ ಕ್ಲಾಸಿನಲ್ಲಿ ಕನ್ನಡ ಟೀಚರು ಮೈಕಿನ ಮುಂದೆ ನಿಲ್ಲಿಸಿದರು, ಅಲ್ಲಿಂದ ಇಲ್ಲಿಯವರೆಗೆ ಅರಂತೋಡಿನಿಂದ ಪುತ್ತೂರಿನವರೆಗೆ ಎಲ್ಲಿ ಕಾರ್ಯಕ್ರಮವಾದರೂ ಮೈಕು ಹಿಡಿಯಲು ನನಗೊಂದು ಫೋನು ಬರುತ್ತದೆ. ಸ್ವರ ಚೆನ್ನಾಗಿದೆ ಎನ್ನುತ್ತಾರೆ. ಇದ್ದರೂ ಇರಬಹುದು.

ಆ ಸ್ವರದ ದೆಸೆಯಿಂದಲೇ ನನ್ನನ್ನು ಯುವ ಸಲಹಾ ತಂಡಕ್ಕೆ ಸೇರಿಸಿದ್ದು. ಸರಕಾರ ಯುವ ನೀತಿಯನ್ನು ಹೊಸದಾಗಿ ಬರೆಯುತ್ತದಂತೆ, ಅದಕ್ಕೆ ಈ ಸಲ ಯುವಜನರೇ ಸಲಹೆ ಕೊಡಬೇಕಂತೆ, ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿಗೆ ಸೇರಿ ಒಂದು ತಂಡವಂತೆ. ಯುವಕ ಮಂಡಲ, ಯುವತಿ ಮಂಡಲಗಳಿಂದ ಹೆಸರು ಹೋಗಿ ಕೊನೆಗೆ ಒಂಬತ್ತು ಜನರಾದೆವು. ಸಂಚಾಲಕ ಪುತ್ತೂರಿನ ಕಡೆಯವನು, ದೊಡ್ಡ ಕುಟುಂಬದ ಹುಡುಗ, ಶಾಮಿಯಾನ ಮತ್ತು ಕುರ್ಚಿ ಬಾಡಿಗೆಗೆ ಕೊಡುವ ವ್ಯವಹಾರ. ಮೂವತ್ತೈದು ದಾಟಿದರೆ ಯುವಕ ಅಲ್ಲ ಎಂದು ಸುತ್ತೋಲೆಯಲ್ಲಿ ಇತ್ತು. ಇವನಿಗೆ ಅದಕ್ಕೆ ಇನ್ನು ಎರಡೇ ತಿಂಗಳು ಬಾಕಿ, ಹಾಗಾಗಿ ಉತ್ಸಾಹ ಜಾಸ್ತಿ. ಕಡಬದಿಂದ ಬಂದವನು ಒಬ್ಬ ಬ್ಯಾರಿ ಮುಸ್ಲಿಂ ಹುಡುಗ, ನಾಲ್ಕು ವರ್ಷ ಗಲ್ಫಿನಲ್ಲಿದ್ದು ಬಂದು ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು. ಉಳಿದವರ ವಿಷಯ ಇಲ್ಲಿ ಬೇಡ, ಅವರು ಸಂಚಾಲಕ ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದರು.

ಇದನ್ನೆಲ್ಲ ನಾನು ಸುಮ್ಮನೆ ಮಾಡಿಕೊಂಡು ಹೋಗುತ್ತಿದ್ದೆನೋ ಏನೋ, ಆದರೆ ಅಷ್ಟರಲ್ಲಿ ಆ ಹುಡುಗಿ ಬಂದಳು. ನಮ್ಮ ಪ್ರೆಸ್ಸಿನ ಪಕ್ಕದ ಕಟ್ಟಡದಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬ್ ಇದೆ. ಅಲ್ಲಿಗೆ ಹೊಸದಾಗಿ ಕೆಲಸಕ್ಕೆ ಸೇರಿದ್ದ ಟೆಕ್ನಿಷಿಯನ್ ಹುಡುಗಿ, ಇಪ್ಪತ್ತೆರಡು ವರ್ಷ. ಲ್ಯಾಬಿನಲ್ಲಿ ಕೂತು ಉಣ್ಣಲು ಜಾಗವಿಲ್ಲ ಎಂದು ಬುತ್ತಿ ಹಿಡಿದುಕೊಂಡು ನಮ್ಮ ಪ್ರೆಸ್ಸಿನ ಹಿಂದಿನ ಕೋಣೆಗೆ ಬರುತ್ತಿದ್ದಳು. ಕಾಗದದ ರೀಮುಗಳ ಮೇಲೆ ಕೂತು ನಾವಿಬ್ಬರೂ ಉಣ್ಣುತ್ತಿದ್ದೆವು. ಮಾತು ಕಮ್ಮಿ. ಆದರೆ ಅವಳ ಕೈ ಎಷ್ಟು ಹಗುರವೆಂದರೆ, ಸೂಜಿ ಕಂಡರೆ ಓಡುವ ನನ್ನ ಅಮ್ಮ ಕೂಡ "ಆ ಹುಡುಗಿ ಇದ್ದರೆ ಮಾತ್ರ ಬರುತ್ತೇನೆ" ಎಂದು ಶುಗರ್ ಪರೀಕ್ಷೆಗೆ ಬರುತ್ತಿದ್ದರು.

ಅವಳ ಮನೆ ಗುತ್ತಿಗಾರಿನಿಂದ ಒಳಗೆ, ಕಾಡಿನ ಅಂಚಿನಲ್ಲಿ. ಸುಳ್ಯದಿಂದ ಅವಳ ಊರಿಗೆ ಕೊನೆಯ ಬಸ್ಸು ಸಂಜೆ ಐದು ಇಪ್ಪತ್ತಕ್ಕೆ. ಅದು ತಪ್ಪಿದರೆ ಗುತ್ತಿಗಾರಿನವರೆಗೆ ಹೇಗೋ ಹೋಗಬಹುದು, ಅಲ್ಲಿಂದ ಒಳಗೆ ಹೋಗಲು ಏನೂ ಇಲ್ಲ. ಜೀಪಿನವರು ಐದು ಗಂಟೆಯ ಮೇಲೆ ಎಂಟು ಜನ ತುಂಬದೆ ಹೊರಡುವುದಿಲ್ಲ, ಎಂಟು ಜನ ಎಂದೂ ತುಂಬುವುದಿಲ್ಲ. ಸ್ಕೂಟರಿನಲ್ಲಿ ಹೋಗಿ ಬರಬಹುದಲ್ಲ ಎಂದು ನಾನೂ ಕೇಳಿದ್ದೆ. ಕತ್ತಲಾಗುವ ಹೊತ್ತಿಗೆ ಆ ರಸ್ತೆಯಲ್ಲಿ ಆನೆ ದಾಟುತ್ತದೆ. ಹಿಂದಿನ ವರ್ಷ ಅವಳ ದೊಡ್ಡಪ್ಪನ ಬೈಕನ್ನು ತುಳಿದು ಹಾಕಿತ್ತು, ದೊಡ್ಡಪ್ಪ ಚರಂಡಿಗೆ ಹಾರಿ ಉಳಿದುಕೊಂಡರು. ಅವಳ ಅಪ್ಪ ಒಂದೇ ಮಾತು ಹೇಳಿದ್ದರು: ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವುದಾದರೆ ಕೆಲಸ, ಇಲ್ಲದಿದ್ದರೆ ಮನೆ. ಸುಳ್ಯದಲ್ಲಿ ರೂಮು ಮಾಡಿ ನಿಲ್ಲುವುದಕ್ಕೆ ಒಪ್ಪಿಗೆ ಇಲ್ಲ.

ಲ್ಯಾಬಿನ ಯಜಮಾನರು ಕೆಟ್ಟವರಲ್ಲ. ಆದರೆ ಡಾಕ್ಟರುಗಳು ಸಂಜೆ ನಾಲ್ಕರ ಮೇಲೆ ಕೂರುತ್ತಾರೆ, ರೋಗಿಗಳು ಐದರ ಮೇಲೆ ಚೀಟಿ ಹಿಡಿದುಕೊಂಡು ಲ್ಯಾಬಿಗೆ ಬರುತ್ತಾರೆ. "ಮೂರು ತಿಂಗಳು ಐದು ಗಂಟೆಗೆ ಬಿಡ್ತೇನೆ, ಅಷ್ಟರಲ್ಲಿ ಎಂತಾದ್ರೂ ದಾರಿ ಮಾಡಿಕೋ. ಆಮೇಲೆ ಆರೂವರೆವರೆಗೆ ನಿಲ್ಲಬೇಕು, ಇಲ್ಲದ್ರೆ ನಾನು ಬೇರೆಯವರನ್ನು ನೋಡ್ಬೇಕಾಗ್ತದೆ" ಎಂದಿದ್ದರು. ಮೂರು ತಿಂಗಳಲ್ಲಿ ಒಂದೂವರೆ ಆಗಲೇ ಕಳೆದಿತ್ತು.

ತಂಡದ ಸುತ್ತೋಲೆ ನನ್ನ ಕೈಗೆ ಬಂದ ದಿನ ಮಧ್ಯಾಹ್ನ ಊಟ ಮಾಡುತ್ತಾ ಅವಳಿಗೆ ಹೇಳಿದೆ, "ನೀನು ಬಂದು ಬಸ್ಸಿನ ವಿಷಯ ಹೇಳು. ಮೇಲಿನಿಂದ ಆಫೀಸರೇ ಬರ್ತಾರೆ."

"ಹೇಳಿದ್ರೆ ಬಸ್ ಬರ್ತದಾ ಅಕ್ಕ?"

"ಹೇಳದಿದ್ರೆ ಬರುದಿಲ್ಲ, ಅಷ್ಟು ಗೊತ್ತುಂಟು."

ಅವಳು ಎರಡು ದಿನ ಯೋಚಿಸಿ ಒಪ್ಪಿದಳು. ಪ್ರೆಸ್ಸಿನ ರದ್ದಿ ಕಾಗದದ ಹಿಂಬದಿಯಲ್ಲಿ ಬರೆದುಕೊಂಡು ಬಂದಳು. ಹತ್ತೇ ಸಾಲು. ಕೊನೆಯ ಬಸ್ಸಿನ ಹೊತ್ತು, ದಾರಿಯಲ್ಲಿ ಬರುವ ಊರುಗಳು, ಈ ಬಸ್ಸಿನ ಕಾರಣಕ್ಕೆ ಕೆಲಸ ಬಿಟ್ಟ ನಾಲ್ಕು ಹುಡುಗಿಯರು, ಆರೂ ಮುಕ್ಕಾಲಿಗೆ ಒಂದು ಬಸ್ಸು ಬಿಟ್ಟರೆ ಯಾರಿಗೆಲ್ಲ ಅನುಕೂಲ, ಇಷ್ಟೇ. ನಾನು ಅದನ್ನು ಚೆಂದ ಮಾಡುತ್ತೇನೆಂದು ಮೇಲೆ "ವೇದಿಕೆಯನ್ನು ಅಲಂಕರಿಸಿರುವ ಸರ್ವ ಗಣ್ಯರಿಗೂ" ಎಂದು ಶುರುಮಾಡಿ ನಾಲ್ಕು ಸಾಲು ಸೇರಿಸಿದೆ. ಅವಳು ಪೆನ್ನು ತೆಗೆದುಕೊಂಡು ಆ ನಾಲ್ಕು ಸಾಲನ್ನೂ ಹೊಡೆದು ಹಾಕಿದಳು. "ಇದೆಲ್ಲ ಬೇಡ ಅಕ್ಕ, ಹೇಳುವಾಗ ಬಾಯಿ ತಡವರಿಸ್ತದೆ" ಎಂದಳು. ನನಗೆ ಸ್ವಲ್ಪ ಬೇಸರವೇ ಆಯಿತು.

ಇತ್ತ ಸಲಹೆ ಕೇಳಲು ಬರಬೇಕಿದ್ದ ಆಫೀಸರಿಂದ ಸಂಚಾಲಕನಿಗೆ ಒಂದು ಮೆಸೇಜು ಬಂತು. ಅವರು ಘಟ್ಟದ ಮೇಲಿನ ಕಡೆಯ ಹೆಂಗಸು, ನೇರ ಮಾತು. "ವೇದಿಕೆ ಕಾರ್ಯಕ್ರಮ ಬೇಡ. ಹಾರ, ಶಾಲು ಬೇಡ. ಎರಡೂವರೆಗೆ ಬರುತ್ತೇನೆ, ಯುವಕ ಯುವತಿಯರು ದುಂಡಗೆ ಕೂತು ಮಾತಾಡಲಿ, ನಾನು ಬರೆದುಕೊಳ್ಳುತ್ತೇನೆ." ಇದಕ್ಕಿಂತ ಸ್ಪಷ್ಟವಾಗಿ ಕನ್ನಡದಲ್ಲಿ ಹೇಳಲು ಸಾಧ್ಯವಿಲ್ಲ. ಸಂಚಾಲಕ ಅದನ್ನು ಓದಿ ನಕ್ಕ.

"ಅವರು ಹಾಗೆ ಹೇಳುದು ಮಾರಾಯ್ರೆ. ದೊಡ್ಡವರು, 'ನನಗೆ ಹಾರ ಹಾಕಿ' ಅಂತ ಹೇಳ್ತಾರಾ? ನಾವು ಮಾಡದಿದ್ರೆ ಮೂರು ತಾಲೂಕಿನ ಮರ್ಯಾದೆ ಎಂತ ಆಗಬೇಕು?"

ಕಡಬದ ಹುಡುಗ ಮಾತ್ರ ಹೇಳಿದ, "ಅವರು ಬೇಡ ಅಂತ ಬರೆದೇ ಕಳಿಸಿದ್ದಾರಲ್ಲ. ನಾನು ಗಲ್ಫಿನಲ್ಲಿದ್ದಾಗ ಮೀಟಿಂಗ್ ಅಂದ್ರೆ ನಿಂತುಕೊಂಡೇ ಹತ್ತು ನಿಮಿಷ. ಹೇಳುದು, ಹೋಗುದು."

"ಅದು ಗಲ್ಫ್, ಇದು ನಮ್ಮ ಊರು" ಎಂದ ಸಂಚಾಲಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಮೂರು ಪೂರ್ವಭಾವಿ ಸಭೆಗಳಾದವು. ಯುವಜನರ ಸಮಸ್ಯೆ ಏನು ಎಂದು ಆ ಮೂರರಲ್ಲಿ ಒಂದರಲ್ಲೂ ಮಾತು ಬರಲಿಲ್ಲ. ಮೊದಲನೆಯದು ಆಮಂತ್ರಣ ಪತ್ರಿಕೆಯ ಬಣ್ಣಕ್ಕೆ ಹೋಯಿತು. ಎರಡನೆಯದು ಅತಿಥಿಗಳ ಹೆಸರಿಗೆ. ಒಬ್ಬರನ್ನು ಕರೆದರೆ ಇನ್ನೊಬ್ಬರಿಗೆ ಬೇಸರ, ಇಬ್ಬರನ್ನೂ ಕರೆದರೆ ಯಾರ ಹೆಸರು ಮೇಲೆ ಎಂಬ ತಕರಾರು, ಕರೆಯದೇ ಬಿಟ್ಟರೆ ಮುಂದಿನ ಕ್ರೀಡಾಕೂಟಕ್ಕೆ ಅವರು ಟ್ರೋಫಿ ಕೊಡಲಿಕ್ಕಿಲ್ಲ ಎಂಬ ಹೆದರಿಕೆ. ಪಟ್ಟಿ ಹನುಮಂತನ ಬಾಲದಂತೆ ಬೆಳೆಯಿತು. ಮೂರನೆಯ ಸಭೆಯಲ್ಲಿ, ವೇದಿಕೆಯಲ್ಲಿ ಹದಿನಾಲ್ಕು ಕುರ್ಚಿ ಹಿಡಿಸುತ್ತದೆಯೇ ಎಂದು ಅಳೆಯಲು ಸಂಚಾಲಕ ಟೇಪು ತಂದಿದ್ದ. ಕುರ್ಚಿ ಅವನದೇ, ಹಿಡಿಸಿಯೇ ಹಿಡಿಸಿದ.

ಪತ್ರಿಕೆಯನ್ನು ಟೈಪು ಮಾಡಿದ್ದು ನಾನೇ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಸಾಧಕರಿಗೆ ಸನ್ಮಾನ, ಅತಿಥಿಗಳ ನುಡಿ, ಅಧ್ಯಕ್ಷೀಯ ಮಾತು. ಎಲ್ಲ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ 'ಯುವಜನರೊಂದಿಗೆ ಸಂವಾದ'. ಜಾಗ ಸಾಲದೆ ಅದನ್ನು ಧನ್ಯವಾದದ ಸಾಲಿನಲ್ಲೇ ಸೇರಿಸಬೇಕಾಯಿತು.

ಮಾತಾಡುವವರ ಕ್ರಮವನ್ನು ಬರೆದದ್ದೂ ನಾನೇ. ಎಂಟು ಜನ ಹೆಸರು ಕೊಟ್ಟಿದ್ದರು. ಸಭೆ ಇದ್ದದ್ದು ನಮ್ಮ ಸುಳ್ಯದಲ್ಲಿ, ಹಾಗಾಗಿ ಪುತ್ತೂರಿನವರು ಮತ್ತು ಕಡಬದವರು ನಮಗೆ ನೆಂಟರ ಲೆಕ್ಕ. ಮನೆಯವರು ಮೊದಲು ಉಣ್ಣಲಿಕ್ಕಿಲ್ಲ. ಅವರ ಐದು ಜನರನ್ನು ಮೇಲೆ ಹಾಕಿ ಸುಳ್ಯದವರನ್ನು ಕೆಳಗೆ ಹಾಕಿದೆ. ಸುಳ್ಯದವರಲ್ಲಿ ಅವಳೇ ಮೊದಲು, ಅಂದರೆ ಆರನೆಯವಳು. ಎರಡೂವರೆಗೆ ಶುರುವಾಗುವ ಸಭೆಯಲ್ಲಿ ಆರನೆಯವರಿಗೆ ನಾಲ್ಕು ಗಂಟೆಯೊಳಗೆ ಮೈಕು ಸಿಗಬೇಕು ಎಂಬುದು ನನ್ನ ಲೆಕ್ಕಾಚಾರ. ಇಷ್ಟು ಕಾರ್ಯಕ್ರಮ ನಡೆಸಿದವಳಿಗೆ ಆ ಲೆಕ್ಕಾಚಾರ ಹೇಗೆ ಬಂತೋ ದೇವರೇ ಬಲ್ಲ.

ಆ ದಿನ ಆಫೀಸರು ಎರಡು ಇಪ್ಪತ್ತೈದಕ್ಕೆ ಬಂದರು. ಒಬ್ಬರೇ, ಕೈಯಲ್ಲಿ ಒಂದು ನೋಟ್ ಪುಸ್ತಕ. ಸಭೆಯ ಹಾಲಿನಲ್ಲಿ ನಮ್ಮ ತಂಡ ಬ್ಯಾನರು ಕಟ್ಟುತ್ತಿತ್ತು. ಅವರು ವೇದಿಕೆಯನ್ನು ನೋಡಿದರು, ಹದಿನಾಲ್ಕು ಕುರ್ಚಿಗಳನ್ನು ನೋಡಿದರು, ಮೊದಲ ಸಾಲಿನಲ್ಲಿ ಕೂತರು. ನಾವು ಅವರಿಗೆ ಕಾಫಿ ಕೊಟ್ಟೆವು. ಅತಿಥಿಗಳು ಬರಲಿಲ್ಲ. ಇನ್ನೊಂದು ಕಾಫಿ ಕೊಟ್ಟೆವು. ಮೂರು ಗಂಟೆಗೆ ಒಬ್ಬರು ಬಂದರು, ಮೂರು ಕಾಲಿಗೆ ಉಳಿದವರು ಬಂದರು. ಹಾಲಿನಲ್ಲಿ ಅರುವತ್ತು ಎಪ್ಪತ್ತು ಹುಡುಗ ಹುಡುಗಿಯರು ಕೂತು ಮೊಬೈಲು ನೋಡುತ್ತಿದ್ದರು. ಅವಳು ಮೂರನೇ ಸಾಲಿನ ಕೊನೆಯಲ್ಲಿ ಕೂತಿದ್ದಳು. ಅರ್ಧ ದಿನ ರಜೆ ಹಾಕಿ ಬಂದವಳು, ಒಳ್ಳೆಯ ನೀಲಿ ಚೂಡಿದಾರ ಹಾಕಿಕೊಂಡು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದಳು.

ಆಮೇಲೆ ನಡೆದದ್ದು ಯಾವುದೂ ಹೊಸದಲ್ಲ. ಪ್ರಾರ್ಥನೆಗೆ ಇಬ್ಬರು ಬಂದು, ಯಾವ ಶ್ರುತಿ ಎಂದು ವೇದಿಕೆಯಲ್ಲೇ ಚರ್ಚೆ ಮಾಡಿದರು. ಸ್ವಾಗತ ಮಾಡಿದವನು ಹದಿನಾಲ್ಕು ಜನರಿಗೂ ಒಬ್ಬೊಬ್ಬರಿಗೆ ಎರಡೆರಡು ವಾಕ್ಯದ ವಿಶೇಷಣ ಹಾಕಿದ. ದೀಪದ ಐದು ಬತ್ತಿಯನ್ನು ಹದಿನಾಲ್ಕು ಜನ ಹಚ್ಚಿದರು, ಫ್ಯಾನಿನ ಗಾಳಿಗೆ ಅದು ಎರಡು ಸಲ ಆರಿತು. ರಾಜ್ಯ ಮಟ್ಟದಲ್ಲಿ ವಾಲಿಬಾಲು ಆಡಿದ ಹುಡುಗನಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಅಭಿನಂದನಾ ಪತ್ರ ಪೂರ್ತಿ ಓದಿದರು. ಪತ್ರವನ್ನು ಬರೆದವಳೂ ನಾನೇ, ಉದ್ದವಾಗಿಯೇ ಬರೆದಿದ್ದೆ. ಬೇಡ ಬೇಡ ಎಂದರೂ ಬಿಡದೆ ಆಫೀಸರಿಗೂ ಶಾಲು ಹಾಕಿದರು. ಅವರು ಅದನ್ನು ಮಡಚಿ ಕುರ್ಚಿಯ ಕೈಯ ಮೇಲೆ ಇಟ್ಟು ಮತ್ತೆ ನೋಟ್ ಪುಸ್ತಕ ತೆರೆದರು. ಅದರಲ್ಲಿ ಬರೆಯಲು ಇನ್ನೂ ಏನೂ ಸಿಕ್ಕಿರಲಿಲ್ಲ.

ಅತಿಥಿಗಳು ಯುವಜನರಿಗೆ ಉಪದೇಶ ಮಾಡಿದರು. ಇಂದಿನ ಯುವಕರು ಮೊಬೈಲಿನಲ್ಲಿ ಮುಳುಗಿದ್ದಾರೆ ಎಂದು ಒಬ್ಬರು, ಗದ್ದೆಗೆ ಇಳಿಯುವುದಿಲ್ಲ ಎಂದು ಇನ್ನೊಬ್ಬರು, ಹಿರಿಯರ ಮಾತು ಕೇಳುವುದಿಲ್ಲ ಎಂದು ಮತ್ತೊಬ್ಬರು. ಮಾತು ಕೇಳಲೆಂದೇ ಒಂದೂವರೆ ಗಂಟೆಯಿಂದ ಕೂತಿರುವವರಿಗೆ ಇದನ್ನು ಹೇಳಲು ಅವರಿಗೆ ನಾಚಿಕೆಯಾಗಲಿಲ್ಲ. ನಾನು ಒಬ್ಬೊಬ್ಬರ ಮಾತು ಮುಗಿದಾಗಲೂ ಮೈಕು ಹಿಡಿದು, "ಅರ್ಥಪೂರ್ಣ ನುಡಿಗಳನ್ನಾಡಿದ ಮಾನ್ಯರಿಗೆ ಹೃತ್ಪೂರ್ವಕ ಧನ್ಯವಾದಗಳು" ಎನ್ನುತ್ತಿದ್ದೆ. ಎಷ್ಟು ಸಿಟ್ಟಿದ್ದರೂ ಸ್ವರ ಮಾತ್ರ ಜೇನು. ಅಷ್ಟು ವರ್ಷದ ಅಭ್ಯಾಸ.

ಸಂವಾದ ಶುರುವಾದಾಗ ನಾಲ್ಕೂ ಐವತ್ತು. ಆಫೀಸರು ಗಡಿಯಾರ ನೋಡಿ, "ಐದೂ ನಲವತ್ತಕ್ಕೆ ನಾನು ಹೊರಡಬೇಕು. ನೇರವಾಗಿ ವಿಷಯಕ್ಕೆ ಬನ್ನಿ" ಎಂದರು. ಬಂದವರು ನೇರವಾಗಿ ವೇದಿಕೆಯಲ್ಲಿದ್ದವರಿಗೆ ವಂದನೆ ಹೇಳುವುದಕ್ಕೆ ಬಂದರು. ಪುತ್ತೂರಿನ ಮೊದಲನೆಯವನು ಹದಿನಾಲ್ಕು ಹೆಸರನ್ನೂ ಹೇಳಿ, ಆಟದ ಮೈದಾನ ಬೇಕು ಎಂದ. ಎರಡನೆಯವಳು ಹದಿನಾಲ್ಕು ಹೆಸರು ಹೇಳಿ, ಮೊದಲನೆಯವರು ಹೇಳಿದ್ದನ್ನು ಅನುಮೋದಿಸುತ್ತೇನೆ ಎಂದಳು. ಮೂರನೆಯವನು, ಕೊಯಿಲದ ಹುಡುಗ, ಜಾನುವಾರು ಸಾಕಣೆಯ ತರಬೇತಿ ಬೇಕು ಎಂಬ ಒಳ್ಳೆಯ ವಿಷಯ ತಂದಿದ್ದ. ಆದರೆ ಅದಕ್ಕೆ ಬರುವ ಮೊದಲು ತನಗೆ ಅವಕಾಶ ಕೊಟ್ಟದ್ದಕ್ಕೆ ಸಂಚಾಲಕನಿಗೆ, ಅವನ ತಂದೆಯವರಿಗೆ, ಹಾಲಿನ ಯಜಮಾನರಿಗೆ ವಂದನೆ ಹೇಳಿದ. ಕಡಬದ ಬ್ಯಾರಿ ಹುಡುಗ ನಾಲ್ಕನೆಯವನು. ಒಂದೇ ನಿಮಿಷದಲ್ಲಿ, ಗಲ್ಫಿನಿಂದ ವಾಪಸು ಬಂದವರಿಗೆ ಅಲ್ಲಿ ಕಲಿತ ಕೆಲಸಕ್ಕೆ ಇಲ್ಲಿ ಸರ್ಟಿಫಿಕೇಟು ಇಲ್ಲ, ಅದನ್ನು ಕೊಡುವ ವ್ಯವಸ್ಥೆ ಮಾಡಿ ಎಂದು ಹೇಳಿ ಕೂತ. ಆಫೀಸರ ಪೆನ್ನು ಸರಿಯಾಗಿ ಓಡಿದ್ದು ಅದೊಂದೇ ಸಲ.

ಐದನೆಯವನು ಮೈಕು ಹಿಡಿದಾಗ ಐದೂ ಮೂರು. ನಾನು ಮೂರನೇ ಸಾಲಿನ ಕಡೆ ನೋಡಿದೆ. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು. ಹಾಲಿನಿಂದ ಬಸ್ಸು ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ನನ್ನ ಕಣ್ಣು ಸಿಕ್ಕಿದಾಗ ಅವಳು ಕೈಯ ಕಾಗದವನ್ನು ಸ್ವಲ್ಪ ಎತ್ತಿ ತೋರಿಸಿದಳು. ನಾನು ಒಂದು ಬೆರಳು ಎತ್ತಿ, ಇನ್ನು ಒಂದೇ ನಿಮಿಷ ಎಂದು ಸನ್ನೆ ಮಾಡಿದೆ. ಐದನೆಯವನು ಮಾದಕ ವಸ್ತುಗಳ ವಿರುದ್ಧ ಜಾಗೃತಿ ಎಂದು ಶುರುಮಾಡಿ ತನ್ನ ಕಾಲೇಜು ದಿನಗಳಿಗೆ ಹೋದ. ಐದೂ ಏಳಕ್ಕೆ ನಾನು ಅವನ ಹತ್ತಿರ ಒಂದು ಚೀಟಿ ಇಟ್ಟೆ. ಅವನು ಅದನ್ನು ಓದಿ, "ನಿರೂಪಕರು ಸಮಯದ ಮಿತಿಯನ್ನು ನೆನಪಿಸಿದ್ದಾರೆ" ಎಂದು ಅದರ ಬಗ್ಗೆಯೇ ಒಂದು ಹಾಸ್ಯ ಹೇಳಿದ. ಜನ ನಕ್ಕರು. ನಾನು ಮತ್ತೆ ನೋಡುವಾಗ ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದಳು.

ಐದೂ ಹದಿನೈದಕ್ಕೆ ಅವಳ ಸರದಿ ಬಂತು. ಪಟ್ಟಿಯಲ್ಲಿ ಹೆಸರಿದೆ, ಹೇಳದೆ ಬಿಡುವಂತಿಲ್ಲ. ಹೆಸರು ಹೇಳಿದೆ. ಆಫೀಸರು ತಲೆ ಎತ್ತಿ ನೋಡಿದರು. "ಅನಿವಾರ್ಯ ಕಾರಣಗಳಿಂದ ಅವರು ಸಭೆಯಿಂದ ನಿರ್ಗಮಿಸಿದ್ದಾರೆ" ಎಂದೆ. "ಅವರದು ಯಾವ ವಿಷಯ?" ಎಂದು ಆಫೀಸರು ಕೇಳುವಷ್ಟರಲ್ಲಿ ಸಂಚಾಲಕ ಏಳನೆಯವನ ಕೈಗೆ ಇನ್ನೊಂದು ಮೈಕು ಕೊಟ್ಟಾಗಿತ್ತು, ಅವನು ಹದಿನಾಲ್ಕು ಹೆಸರುಗಳಲ್ಲಿ ಮೊದಲನೆಯದನ್ನು ಹೇಳಿಯೂ ಆಗಿತ್ತು. ನಾನೇನು ಮಾಡಲಿ? ನಿರೂಪಕರು ನಡುವೆ ಬಾಯಿ ಹಾಕಬಾರದು, ತಮ್ಮ ಅಭಿಪ್ರಾಯ ಹೇಳಬಾರದು, ವೇದಿಕೆ ನಡೆಸಬೇಕು ಅಷ್ಟೆ. ನನಗೆ ಕಲಿಸಿದ್ದು ಅದು.

ಹತ್ತು ದಿನ ಬಿಟ್ಟು ವಾಟ್ಸಾಪ್ ಗುಂಪಿಗೆ ಕರಡು ವರದಿ ಬಂತು. ಮೈದಾನ ಇತ್ತು, ಜಾಗೃತಿ ಇತ್ತು, ಕಡಬದವನ ಸರ್ಟಿಫಿಕೇಟು ಇತ್ತು. 'ಸಾರಿಗೆ' ಎಂಬ ತಲೆಬರಹದ ಕೆಳಗೆ ಒಂದು ಸಾಲು: ಈ ತಾಲೂಕುಗಳಿಂದ ಸಲಹೆಗಳು ಬಂದಿಲ್ಲ. ನಾನು ಅಂದು ಪ್ರೆಸ್ಸಿನಲ್ಲಿ ಕೂತು ಸಂಚಾಲಕನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ.

"ಅದಕ್ಕೆ ನಾನು ಎಂತ ಮಾಡುದು? ಅವಳು ಹೋದದ್ದಲ್ವಾ? ಸ್ವಲ್ಪ ಕೂತಿದ್ರೆ ಆಗ್ತಿತ್ತು" ಎಂದ.

"ಕೂತಿದ್ರೆ ಮನೆಗೆ ಹೋಗುದು ಹೇಗೆ ಮಾರಾಯ? ಅದನ್ನೇ ಹೇಳ್ಲಿಕ್ಕೆ ಬಂದದ್ದಲ್ವಾ ಅವಳು?"

"ಆಯ್ತು, ಮುಂದಿನ ಸಲ ಮೊದಲು ಅವಳಿಗೇ ಕೊಡುವ. ಕಾರ್ಯಕ್ರಮ ಒಳ್ಳೇದಾಗಿದೆ ಅಂತ ಎಲ್ಲರೂ ಹೇಳ್ತಾ ಇದ್ದಾರೆ, ನಿಮ್ಮ ನಿರೂಪಣೆಯನ್ನೂ ಹೊಗಳಿದ್ದಾರೆ. ಲೈವ್ ವಿಡಿಯೋ ಎಷ್ಟು ಜನ ನೋಡಿದ್ದಾರೆ ಗೊತ್ತುಂಟಾ?"

ಇಂಥವರ ಹತ್ತಿರ ಮಾತಾಡುವುದಕ್ಕಿಂತ ನಮ್ಮ ಪ್ರೆಸ್ಸಿನ ಯಂತ್ರದ ಹತ್ತಿರ ಮಾತಾಡುವುದು ಲೇಸು. ಕಡಬದ ಹುಡುಗನಿಗೆ ಫೋನು ಮಾಡಿದೆ. ಅವನು ಆಫೀಸರ ನಂಬರು ಕೊಟ್ಟು, "ಬರೆದು ಕೊಡ್ಲಿಕ್ಕೆ ಆಗ್ತದಾ ಕೇಳಿ ಅಕ್ಕ, ಕೇಳುದರಲ್ಲಿ ಎಂತ ಉಂಟು" ಎಂದ. ಕೇಳಿದೆ. ಆಫೀಸರು ಹೇಳಿದರು, "ನಾನು ಬಂದದ್ದು ಕೇಳುವುದಕ್ಕೆ. ನೀವು ನನ್ನನ್ನು ಕೂರಿಸಿ ಶಾಲು ಹೊದೆಸಿದಿರಿ. ಪ್ರತಿ ಊರಲ್ಲೂ ಇದೇ. ಇರಲಿ, ನಾಳೆಯೊಳಗೆ ಬರೆದು ಕಳಿಸಿ, ಸೇರಿಸುತ್ತೇನೆ. ಸಾರಿಗೆಯವರಿಗೂ ಒಂದು ಪ್ರತಿ ಕಳಿಸುತ್ತೇನೆ."

ಅವಳಿಂದ ಆ ಕಾಗದ ಕೇಳಿ ತೆಗೆದುಕೊಂಡು, ಹತ್ತು ಸಾಲನ್ನೂ ಒಂದಕ್ಷರ ಬದಲಿಸದೆ ಟೈಪು ಮಾಡಿ ಕಳಿಸಿದೆ. ಐದು ನಿಮಿಷದ ಕೆಲಸ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅದಾಗಿ ಎರಡು ವಾರಕ್ಕೆ ಅವಳ ಮೂರು ತಿಂಗಳು ಮುಗಿಯಿತು. ಲ್ಯಾಬಿನವರು ಇನ್ನೊಂದು ವಾರ ಕಾದರು, ಆಮೇಲೆ ಪೇಟೆಯೊಳಗೇ ಮನೆ ಇರುವ ಒಬ್ಬ ಹುಡುಗಿಯನ್ನು ತೆಗೆದುಕೊಂಡರು. ಕೊನೆಯ ದಿನ ಅವಳು ಎಂದಿನಂತೆ ಬುತ್ತಿ ತಂದು ನನ್ನ ಜೊತೆ ಉಂಡಳು. ಉಪ್ಪಿನಕಾಯಿ ಕೊಟ್ಟಳು. "ಬೇಜಾರು ಮಾಡ್ಬೇಡ, ವರದಿಯಲ್ಲಿ ಸೇರಿದೆ" ಎಂದೆ. "ಆಯ್ತು ಅಕ್ಕ" ಎಂದಳು. ಆಮೇಲೆ ಅವಳು ಅಪ್ಪನ ಜೊತೆ ರಬ್ಬರು ಹಾಲು ತೆಗೆಯಲು ಹೋಗುತ್ತಿದ್ದಾಳೆ ಎಂದು ಕೇಳಿದೆ. ನನ್ನ ಅಮ್ಮ ಶುಗರ್ ಪರೀಕ್ಷೆಗೆ ಬರುವುದನ್ನು ಬಿಟ್ಟರು.

ಬಸ್ಸು ಬಂತು. ನಾಲ್ಕು ತಿಂಗಳಾದ ಮೇಲೆ, ಆರೂ ಮುಕ್ಕಾಲಿಗೆ, ಪ್ರಾಯೋಗಿಕವಾಗಿ ಒಂದು ತಿಂಗಳು. ಜನ ಹತ್ತಿದರೆ ಮುಂದುವರಿಸುವುದು, ಇಲ್ಲದಿದ್ದರೆ ನಿಲ್ಲಿಸುವುದು. ಸಂಚಾಲಕ ಗುಂಪಿನಲ್ಲಿ ಬಸ್ಸಿನ ಫೋಟೋ ಹಾಕಿ, 'ನಮ್ಮ ತಂಡದ ಹೋರಾಟಕ್ಕೆ ಸಂದ ಜಯ' ಎಂದು ಬರೆದು, ಕೆಳಗೆ ಇಪ್ಪತ್ತು ಹೂವು ಸುರಿದಿದ್ದ. ಅವನಿಗೆ ಆಗಲೇ ಮೂವತ್ತೈದು ದಾಟಿತ್ತು. ಅವಳನ್ನು ಕರೆದು ಹಸಿರು ನಿಶಾನೆ ತೋರಿಸುವ ಕಾರ್ಯಕ್ರಮ ಮಾಡುವ, ನೀವೇ ನಿರೂಪಣೆ ಎಂದು ನನಗೆ ಫೋನು ಮಾಡಿದ. ನಾನು ಫೋನು ಇಟ್ಟೆ.

ಎರಡನೇ ವಾರದಲ್ಲಿ ಒಂದು ದಿನ ಆ ಬಸ್ಸಿನಲ್ಲಿ ನಾನೇ ಹೋದೆ. ಬರುತ್ತೇನೆಂದು ಅವಳಿಗೆ ಮೆಸೇಜು ಹಾಕಿದ್ದೆ. ಸುಳ್ಯದಿಂದ ಹೊರಡುವಾಗ ಏಳೆಂಟು ಜನರಿದ್ದರು, ಗುತ್ತಿಗಾರಿನಲ್ಲಿ ಎಲ್ಲರೂ ಇಳಿದರು. ಅಲ್ಲಿಂದ ಮುಂದೆ ಡ್ರೈವರು, ಕಂಡಕ್ಟರು, ನಾನು.

ಕಂಡಕ್ಟರು ಮುಂದಿನ ಸೀಟಿನಲ್ಲಿ ಕೂತು ಕೇಳಿದರು, "ಈ ಬಸ್ ಬೇಕು ಅಂತ ಕೇಳಿದ್ದು ಯಾರು ಮಾರಾಯ್ರೆ? ದಿನಾ ಖಾಲಿ ಹೋಗುದು, ಖಾಲಿ ಬರುದು."

ಯಾರು ಹತ್ತುತ್ತಾರೆ? ಐದು ಇಪ್ಪತ್ತಕ್ಕೆ ಕೊನೆಯ ಬಸ್ಸು ಎಂದು ಇಷ್ಟು ವರ್ಷ ಬದುಕಿದ ಊರು. ಅಲ್ಲಿಯ ಹುಡುಗಿಯರು ಆರೂವರೆವರೆಗಿನ ಕೆಲಸಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ಹಾಕಿದ್ದ ನಾಲ್ವರು ಮೊದಲೇ ಕೆಲಸ ಬಿಟ್ಟಿದ್ದಾರೆ, ಉಳಿದಿದ್ದವಳು ಒಬ್ಬಳು, ಅವಳ ಕೆಲಸವೂ ಹೋಗಿಯಾಗಿದೆ. ಕಂಡಕ್ಟರಿಗೆ ಇದನ್ನೆಲ್ಲ ಹೇಳಿ ಪ್ರಯೋಜನವಿಲ್ಲ ಎಂದು ಸುಮ್ಮನೆ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ.

ಕೊನೆಯ ನಿಲ್ದಾಣದಲ್ಲಿ ಅವಳು ನಿಂತಿದ್ದಳು, ಜೊತೆಗೆ ಅಪ್ಪ. ಅಪ್ಪನ ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಆನೆಗೆಂದು ಪಟಾಕಿ. ಬಸ್ಸು ತಿರುಗಿಸಿ ಹೊರಡಲು ಹತ್ತು ನಿಮಿಷವಿತ್ತು. ಅವಳು ಬಸ್ಸನ್ನು ಹಿಂದಿನಿಂದ ಮುಂದಿನವರೆಗೆ ನೋಡಿ, "ಒಳ್ಳೆ ಬಸ್ಸು" ಎಂದಳು. ಕೈಬೆರಳುಗಳಲ್ಲಿ ರಬ್ಬರು ಹಾಲಿನ ಕಲೆ ಕಪ್ಪಾಗಿ ಹಿಡಿದಿತ್ತು. ಪುತ್ತೂರಿನಲ್ಲಿ ಬೇರೆ ಲ್ಯಾಬುಗಳಿವೆ, ಕೇಳಿಸುತ್ತೇನೆ ಎಂದೆ. ಅಲ್ಲಿಂದ ಬರುವಾಗ ಈ ಬಸ್ಸೂ ಸಿಗುವುದಿಲ್ಲ ಎಂದಳು. ಅದೂ ನಿಜವೇ. ನನಗೆ ಮತ್ತೆ ಸಿಟ್ಟು ಬಂತು. ಸಂಚಾಲಕನನ್ನು ಬೈದೆ, ಹದಿನಾಲ್ಕು ಅತಿಥಿಗಳನ್ನು ಬೈದೆ, ಮೈಕಿನಲ್ಲಿ ಹಾಸ್ಯ ಹೇಳಿದ ಆ ಐದನೆಯವನನ್ನು ಬೈದೆ. ಅವರು ಒಬ್ಬೊಬ್ಬರೂ ಎರಡೆರಡು ನಿಮಿಷ ಬಾಯಿ ಮುಚ್ಚಿದ್ದರೆ ನಿನಗೆ ಮಾತಾಡಲಿಕ್ಕೆ ಆಗುತ್ತಿತ್ತು, ಆಗಲೇ ಬರೆದುಕೊಂಡಿದ್ದರೆ ಬಸ್ಸು ಬೇಗ ಬರುತ್ತಿತ್ತೋ ಏನೋ, ನಿನ್ನ ಕೆಲಸವೂ ಉಳಿಯುತ್ತಿತ್ತೋ ಏನೋ ಎಂದೆ.

ಅವಳು ನಾನು ಮುಗಿಸುವವರೆಗೆ ಕಾದಳು.

"ನಾನು ಸಭೆಯ ಆ ವಿಡಿಯೋ ನೋಡಿದೆ ಅಕ್ಕ. ಅನಿವಾರ್ಯ ಕಾರಣ ಅಂತ ಹೇಳಿದ್ರಿ. ನಾನು ಎಂತಕ್ಕೆ ಎದ್ದು ಹೋದದ್ದು ಅಂತ ನಿಮಗೆ ಗೊತ್ತಿತ್ತಲ್ಲ. ಮೈಕ್ ನಿಮ್ಮ ಕೈಯಲ್ಲೇ ಇತ್ತಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ, ಲ್ಯಾಬಿನಲ್ಲಿ ರಿಪೋರ್ಟು ಓದಿ ಹೇಳುತ್ತಿದ್ದ ಸ್ವರದಲ್ಲೇ ಹೇಳಿದಳು. ಅವಳ ಅಪ್ಪ ಟಾರ್ಚಿನ ಬೆಳಕನ್ನು ನೆಲಕ್ಕೆ ಇಳಿಸಿ ಬೇರೆ ಕಡೆ ನೋಡಿದರು. ಕಂಡಕ್ಟರು ಸೀಟಿ ಊದಿದರು. ಹತ್ತಿ ಕಿಟಕಿಯ ಪಕ್ಕ ಕೂತೆ. ಸುಳ್ಯದವರೆಗೆ ಬೈಯುವುದಕ್ಕೆ ನನಗೆ ಬೇರೆ ಯಾರೂ ಸಿ‌ಗಲಿಲ್ಲ.